ತೋಪಿನ ಬಿಡಾರ

ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ, ಪೀಣ್ಯ ಎಂಬ ಹೆಸರುಗಳು ಇಂದು ಗಾಜಿನ ಕಟ್ಟಡಗಳನ್ನೂ ಕಾರ್ಖಾನೆಗಳ ತಗಡಿನ ಸೂರುಗಳನ್ನೂ ಮನಸ್ಸಿಗೆ ತರುತ್ತವೆಯಾದರೂ, ಈ ಮೂರು ಪ್ರದೇಶಗಳು ಯಾವ ಹಳ್ಳಿಗಳ ನೆಲದ ಮೇಲೆ ನಿಂತಿವೆಯೋ ಆ ಹಳ್ಳಿಗಳ ಕಂದಾಯ ದಾಖಲೆಗಳಲ್ಲಿ ಕೆರೆ, ಕುಂಟೆ, ಗೋಮಾಳ, ಬಂಡಿದಾರಿ, ಸ್ಮಶಾನಗಳ ಜೊತೆಗೆ ‘ಗುಂಡುತೋಪು’ ಎಂಬ ನಮೂದು ಇಂದಿಗೂ ಕಾಣಸಿಗುತ್ತದೆ. ಊರಿನವರು ಊರ ಹೊರಗೆ, ಸಾಮಾನ್ಯವಾಗಿ ದಾರಿಯ ಅಥವಾ ಕೆರೆಯ ಮಗ್ಗುಲಲ್ಲಿ ನೆಟ್ಟು ಬೆಳೆಸಿದ, ಯಾರೊಬ್ಬರ ಸ್ವತ್ತೂ ಅಲ್ಲದ ಮರಗಳ ಗುಂಪಿಗೆ ಈ ಹೆಸರು. ದಾರಿಹೋಕರು ನೆರಳಿಗಾಗಿ ನಿಲ್ಲುತ್ತಿದ್ದುದು, ಬಂಡಿಯವರು ಎತ್ತು ಬಿಚ್ಚಿ ರಾತ್ರಿ ಕಳೆಯುತ್ತಿದ್ದುದು, ಕುರಿಗಾಹಿಗಳು ಮಂದೆಯೊಡನೆ ತಂಗುತ್ತಿದ್ದುದು, ಜಾತ್ರೆಗೆ ಬಂದವರು ಮೂರು ಕಲ್ಲಿಟ್ಟು ಅಡುಗೆ ಮಾಡುತ್ತಿದ್ದುದು ಇಲ್ಲಿಯೇ. ಇಂದು ನಗರದ ಉದ್ಯೋಗಿಗಳು ವಾರದ ಕೊನೆಯಲ್ಲಿ ನಾಡಮರಗಳ ನಡುವೆ ಎರಡು ದಿನ ಇದ್ದು ಬರಲು, ತಾವು ಕೊಡುವ ಹಣದ ಒಂದು ಭಾಗ ಕಾಡು ಬೆಳೆಸಲು ಹೋಗಲಿ ಎಂಬ ಆಸೆಯಿಂದ, ಪರಿಸರಸ್ನೇಹಿ ತಂಗುದಾಣಗಳನ್ನು ಹುಡುಕಿಕೊಂಡು ಹೋಗುತ್ತಿದ್ದಾರೆ. ಮರಗಳ ನಡುವೆ ತಂಗುವ ಮತ್ತು ಆ ತಂಗುವಿಕೆಯಿಂದಲೇ ಮರಗಳನ್ನು ಉಳಿಸುವ ಪದ್ಧತಿ ಈ ನೆಲಕ್ಕೆ ಹೊಸದಲ್ಲ. ಅದು ಇಲ್ಲಿಯೇ ಬೇರೂರಿದ್ದು, ಸುಮಾರು 130 ವರ್ಷಗಳ ಹಿಂದೆ ಬೇರೊಂದು ಬಗೆಯ ಮರ ಸಾಕಣೆಗೆ ದಾರಿಬಿಟ್ಟು ಹಿಂದೆ ಸರಿದದ್ದು.

ತೋಪನ್ನು ಕಾಡೆಂದು ಭಾವಿಸುವುದು ತಪ್ಪಾಗುತ್ತದೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ, ವರ್ಷಕ್ಕೆ ಹೆಚ್ಚುಕಡಿಮೆ 900 ಮಿಲಿಮೀಟರ್ ಮಳೆ ಬೀಳುವ ಬೆಂಗಳೂರಿನ ಕೆಂಪುನೆಲದ ಪ್ರಸ್ಥಭೂಮಿಯಲ್ಲಿ ತಾನಾಗಿ ಬೆಳೆದಿದ್ದದ್ದು ಕುರುಚಲು ಕಾಡು ಮತ್ತು ಬೇಸಿಗೆಯಲ್ಲಿ ಎಲೆ ಉದುರಿಸುವ ಒಣಕಾಡು. ಅದರ ಮರಗಳು ದಿಂಡಿಗ, ಮತ್ತಿ, ಜಾಲಾರಿ, ಮುತ್ತುಗ, ಕಗ್ಗಲಿ, ತಾರೆ, ಅಳಲೆ, ಎಲಚಿ, ಶ್ರೀಗಂಧ ಮತ್ತು ಬಿದಿರು. ಬನ್ನೇರುಘಟ್ಟದಲ್ಲಿ ಉಳಿದಿರುವುದು ಈ ಕಾಡಿನ ತುಂಡು. ಪೀಣ್ಯಕ್ಕೆ ಹತ್ತಿರದ ಜಾಲಹಳ್ಳಿ, ಮತ್ತಿಕೆರೆ, ಹೊಸೂರು ರಸ್ತೆಯ ಕಡೆಯ ಹೊಂಗಸಂದ್ರ, ಬನ್ನೇರುಘಟ್ಟ ರಸ್ತೆಯ ಹುಳಿಮಾವು ಎಂಬ ಊರ ಹೆಸರುಗಳಲ್ಲಿ ಜಾಲಿ, ಮತ್ತಿ, ಹೊಂಗೆ, ಮಾವುಗಳು ಇಂದಿಗೂ ಕೇಳಿಸುತ್ತವೆ. ಕಾಡುಗೋಡಿಯ ಹೆಸರಿನಲ್ಲಂತೂ ಕಾಡೇ ಇದೆ. ತೋಪಿನಲ್ಲಿ ನೆಡುತ್ತಿದ್ದದ್ದು ಈ ಕಾಡಿನ ಮರಗಳಲ್ಲಿ ಕೆಲವನ್ನು ಮಾತ್ರ. ತೋಪಿನ ಹೆಚ್ಚಿನ ಮರಗಳು ಮನುಷ್ಯನು ಆರಿಸಿ ತಂದವು: ಹಲಸು ಪಶ್ಚಿಮ ಘಟ್ಟದ ಮಳೆಕಾಡಿನದು, ಹುಣಸೆಯ ಮೂಲ ಆಫ್ರಿಕಾ ಖಂಡವೆಂದು ಸಸ್ಯಶಾಸ್ತ್ರಜ್ಞರು ಹೇಳುತ್ತಾರೆ, ಆದರೆ ಅದು ಎಷ್ಟು ಹಿಂದೆ ಬಂದಿತೆಂದರೆ ಹುಣಸೆಯಿಲ್ಲದ ಕನ್ನಡದ ಅಡುಗೆಮನೆಯನ್ನು ಊಹಿಸುವುದೇ ಕಷ್ಟ. ಆದ್ದರಿಂದ ‘ನಾಡಮರ’ ಎಂಬ ಮಾತಿಗೆ ಎರಡು ಅರ್ಥಗಳಿವೆ. ಮನುಷ್ಯನ ಕೈ ತಾಗದೆ ಈ ಮಣ್ಣಿನಲ್ಲಿ ಹುಟ್ಟಿದ ಮರ ಒಂದು. ಈ ಮಣ್ಣಿನ ಜನ ತಲೆಮಾರುಗಳಿಂದ ಸಾಕಿ, ಹೆಸರಿಟ್ಟು, ಬಳಕೆಯ ಕಟ್ಟುಪಾಡು ಮಾಡಿಕೊಂಡ ಮರ ಇನ್ನೊಂದು. ಇಂದಿನ ಅರಣ್ಯ ಪುನಶ್ಚೇತನದ ಚರ್ಚೆಗಳಲ್ಲಿ ಮೊದಲ ಅರ್ಥಕ್ಕೇ ಗೌರವ ಹೆಚ್ಚು. ಎರಡನೆಯದಕ್ಕೂ ಅಷ್ಟೇ ಗೌರವ ಸಲ್ಲಬೇಕೆಂಬುದಕ್ಕೆ ತೋಪಿನ ಚರಿತ್ರೆಯೇ ಆಧಾರ.

ತೋಪಿಗೆ ಮರಗಳನ್ನು ಆರಿಸುವಲ್ಲಿ ಬಹಳ ವಿವೇಚನೆಯಿತ್ತು. ಹೊಂಗೆಯು ಬೇಸಿಗೆಯ ಮೊದಲಿಗೆ ಹಳೆಯ ಎಲೆ ಕಳಚಿ, ಕಾಡಿನ ಇತರ ಮರಗಳು ಬೋಳಾಗಿರುವ ಸುಡುಬಿಸಿಲಿನ ದಿನಗಳಲ್ಲಿಯೇ ಹೊಸ ಎಲೆಯಿಂದ ತುಂಬಿಕೊಳ್ಳುತ್ತದೆ. ದಾರಿಗರಿಗೆ ನೆರಳು ಹೆಚ್ಚು ಬೇಕಾದ ಕಾಲವೂ ಅದೇ. ಅದರ ಸೊಪ್ಪು ಗದ್ದೆಗೆ ಹಸಿರುಗೊಬ್ಬರ, ಬೀಜದ ಎಣ್ಣೆ ದೀಪಕ್ಕೆ, ಹಿಂಡಿ ಹೊಲಕ್ಕೆ. ಹಿಪ್ಪೆಯ ಹೂವು ಬಾವಲಿಗಳಿಗೂ ಮನುಷ್ಯರಿಗೂ ಆಹಾರವಾಗಿತ್ತು, ಅದರ ಬೀಜದ ಎಣ್ಣೆ ಗುಡಿಯ ಹಣತೆಗಳಲ್ಲಿ ಉರಿಯುತ್ತಿತ್ತು. ಮಾವು ಮತ್ತು ನೇರಳೆ ಹಣ್ಣಿಗೆ, ಆಲ ಮತ್ತು ಅತ್ತಿ ಹಕ್ಕಿಗಳಿಗೆ ಹಾಗೂ ಅಗಲವಾದ ನೆರಳಿಗೆ, ಬೇವು ಗಾಳಿಗೆ ಮತ್ತು ಔಷಧಿಗೆ ಒದಗುತ್ತಿದ್ದವು. ಹುಣಸೆ ಊರಿಗೆ ವರಮಾನ ತರುತ್ತಿದ್ದ ಮರ. ಆದರೆ ಅದರ ಕೆಳಗೆ ರಾತ್ರಿ ಮಲಗಬಾರದು, ದೆವ್ವವಿರುತ್ತದೆ ಎಂಬ ನಂಬಿಕೆ ಬಲವಾಗಿದ್ದುದರಿಂದ ತಂಗುವವರು ಹೊಂಗೆ, ಮಾವು, ಆಲಗಳನ್ನೇ ಹುಡುಕುತ್ತಿದ್ದರು. ಬಿದ್ದ ಪುಳ್ಳೆಗಳನ್ನು ಯಾರೂ ಆರಿಸಿಕೊಳ್ಳಬಹುದಾಗಿತ್ತು, ಹಸಿಕೊಂಬೆಗೆ ಕೈ ಹಾಕುವಂತಿರಲಿಲ್ಲ. ಉದುರಿದ ಹಣ್ಣು ಹಸಿದವನದು, ಮರದ ಮೇಲಿನ ಫಸಲು ಊರಿನದು. ಆ ಫಸಲನ್ನು ವರ್ಷಕ್ಕೊಮ್ಮೆ ಹರಾಜು ಹಾಕಿ ಬಂದ ಹಣ ಊರಿನ ಖರ್ಚಿಗೋ ಸರಕಾರದ ಲೆಕ್ಕಕ್ಕೋ ಸೇರುತ್ತಿತ್ತು.

ಊರ ಲೆಕ್ಕ ಬರೆಯುವ ಶಾನುಭೋಗನ ಕಡತದಲ್ಲಿ ತೋಪಿಗೆ ಸ್ಥಾನವಿತ್ತು. ಮುಂದೆ ಬ್ರಿಟಿಷ್ ಮಾದರಿಯ ಭೂಮಾಪನ ಬಂದಾಗ, ಸಾಗುವಳಿಗೆ ಸೇರದ ಜಮೀನನ್ನು ‘ಖರಾಬು’ ಎಂಬ ವರ್ಗಕ್ಕೆ ಸೇರಿಸಲಾಯಿತು. ಬಂಡೆ, ಹಳ್ಳಗಳಿಂದಾಗಿ ಉಳುಮೆಗೆ ಬಾರದ ಖಾಸಗಿ ಹಿಡುವಳಿಯ ತುಂಡು ‘ಎ’ ಖರಾಬು. ರಸ್ತೆ, ಕೆರೆ, ಸ್ಮಶಾನ ಮುಂತಾಗಿ ಸಾರ್ವಜನಿಕ ಬಳಕೆಗೆ ಬಿಟ್ಟ ಭೂಮಿ ‘ಬಿ’ ಖರಾಬು. ಖರಾಬು ಎಂಬ ಮಾತಿನ ಅರ್ಥವೇ ಕೆಟ್ಟದ್ದು, ಹಾಳಾದದ್ದು ಎಂದು. ಕಂದಾಯ ಕೊಡದ ಭೂಮಿಯನ್ನು ಹೀಗೆ ಕರೆದುದರಿಂದ, ಊರಿನ ಅತ್ಯಂತ ಬಾಳಿಕೆಯ ಸೊತ್ತಾಗಿದ್ದ ತೋಪು, ಕೆರೆ, ಗೋಮಾಳಗಳು ಕಾಗದದ ಮೇಲೆ ಬಂಜರಿನ ಬಂಧುಗಳಾದವು. ಒಂದು ಶತಮಾನದ ಬಳಿಕ ಇದೇ ಭೂಮಿಯನ್ನು ಬೇರೆ ಉಪಯೋಗಕ್ಕೆ ಕೊಡುವಾಗ ಅಧಿಕಾರಿಗಳ ಕೈ ತಡವರಿಸದೇ ಇದ್ದುದಕ್ಕೆ ಈ ಹೆಸರಿನ ಪಾಲೂ ಇದೆ ಎನ್ನಬೇಕು.

ದಾರಿಯಲ್ಲಿ ಮರ, ಬಾವಿ, ತಂಗುದಾಣಗಳನ್ನು ಒಟ್ಟಿಗೆ ಕಲ್ಪಿಸುವ ಆಲೋಚನೆ ಬಹಳ ಹಳೆಯದು. ಅಶೋಕನ ಏಳನೆಯ ಸ್ತಂಭಶಾಸನದಲ್ಲಿ ದಾರಿಯುದ್ದಕ್ಕೂ ಆಲದ ಮರಗಳನ್ನು ನೆಡಿಸಿದ, ಮಾವಿನ ತೋಪುಗಳನ್ನು ಬೆಳೆಸಿದ, ಬಾವಿಗಳನ್ನು ತೋಡಿಸಿದ, ವಿಶ್ರಾಂತಿಗೃಹಗಳನ್ನು ಕಟ್ಟಿಸಿದ ಉಲ್ಲೇಖವಿದೆ. ಕನ್ನಡ ನಾಡಿನಲ್ಲಿ ಈ ಆಲೋಚನೆ ‘ಸಪ್ತಸಂತಾನ’ದ ಕಲ್ಪನೆಯೊಳಗೆ ಸೇರಿಕೊಂಡಿತು: ಮನುಷ್ಯನು ಸತ್ತ ಮೇಲೂ ಅವನ ಹೆಸರನ್ನು ಉಳಿಸುವ ಏಳು ಸಂತಾನಗಳಲ್ಲಿ ಮಗ, ಕೆರೆ, ಗುಡಿ, ಅಗ್ರಹಾರ, ಕಾವ್ಯಗಳ ಸಾಲಿನಲ್ಲಿಯೇ ವನವೂ ಬರುತ್ತದೆ. ಮೈಸೂರಿನ ಬ್ರಿಟಿಷ್ ಕಮಿಷನರ್ ಆಡಳಿತದ ಕಾಲದಲ್ಲಿ, ಅದರಲ್ಲಿಯೂ ಮಾರ್ಕ್ ಕಬ್ಬನ್ನನ ಅವಧಿಯಲ್ಲಿ (1834–1861), ಸುಮಾರು 1,600 ಮೈಲಿಗಳ ರಸ್ತೆಗಳಾದವು. ಬೆಂಗಳೂರಿನಿಂದ ಹೊಸಕೋಟೆಯ ಮೂಲಕ ಮದರಾಸಿಗೆ, ಅತ್ತಿಬೆಲೆಯ ಮೂಲಕ ಹೊಸೂರು, ಸೇಲಂಗಳಿಗೆ, ನೆಲಮಂಗಲದ ಮೂಲಕ ತುಮಕೂರಿಗೆ ಹೋಗುವ ದಾರಿಗಳಲ್ಲಿ ಎತ್ತಿನ ಬಂಡಿ ದಿನಕ್ಕೆ ಹದಿನೈದು, ಇಪ್ಪತ್ತು ಮೈಲಿಗಿಂತ ಹೆಚ್ಚು ಸಾಗುತ್ತಿರಲಿಲ್ಲವಾದ್ದರಿಂದ, ಪೇಟೆಯಿಂದ ಹೊರಟ ಅಥವಾ ಪೇಟೆಗೆ ಬರುತ್ತಿದ್ದ ಬಂಡಿಗೆ ಮೊದಲ ಅಥವಾ ಕೊನೆಯ ಬಿಡಾರ ಬೀಳುತ್ತಿದ್ದದ್ದು ಇಂದಿನ ಹೊರವಲಯದ ಈ ಹಳ್ಳಿಗಳ ಆಸುಪಾಸಿನಲ್ಲಿಯೇ. ಬಿಡಾರ ಎಂಬ ಮಾತನ್ನು ‘ಬಿಡು’ ಎಂಬ ಧಾತುವಿನೊಡನೆ ಸೇರಿಸಿ ಹೇಳುವುದುಂಟು. ನೊಗದಿಂದ ಎತ್ತು ಬಿಟ್ಟ ಜಾಗವೇ ಬಿಡಾರ, ದಂಡು ಇಳಿದ ಜಾಗ ಬೀಡು, ಬೀಗರನ್ನು ಇಳಿಸುವ ಮನೆ ಬಿಡದಿ.

ಬಿಡಾರಕ್ಕೆ ಛತ್ರವೂ ಇತ್ತು. ಪುಣ್ಯಾರ್ಥವಾಗಿ ಕಟ್ಟಿಸಿದ, ಮೈಸೂರು ಸಂಸ್ಥಾನದಲ್ಲಿ ಹಲವೆಡೆ ಮುಜರಾಯಿ ಇಲಾಖೆಯ ಮೇಲ್ವಿಚಾರಣೆಗೆ ಒಳಪಟ್ಟ ಈ ತಂಗುಮನೆಗಳಲ್ಲಿ ಸೂರು, ಕೆಲವೆಡೆ ಊಟ ಸಿಗುತ್ತಿತ್ತು. ಆದರೆ ಯಾರಿಗೆ ಜಗಲಿ, ಯಾರಿಗೆ ಪಡಸಾಲೆ, ಯಾರಿಗೆ ಬಾಗಿಲೇ ಇಲ್ಲ ಎಂಬುದನ್ನು ಜಾತಿ ಗೊತ್ತುಮಾಡುತ್ತಿತ್ತು. ತೋಪಿಗೆ ಬಾಗಿಲಿರಲಿಲ್ಲ. ಹಾಗೆಂದು ಅದನ್ನು ಸಮಾನತೆಯ ನೆಲೆಯೆಂದು ಬಣ್ಣಿಸುವುದೂ ಸತ್ಯಕ್ಕೆ ದೂರ: ಮರದ ನೆರಳಿಗೆ ತಡೆಯಿರದಿದ್ದರೂ ಮಗ್ಗುಲಿನ ಬಾವಿಯ ನೀರಿಗೆ ತಡೆಯಿತ್ತು, ಮತ್ತು ದಲಿತ ದಾರಿಗನು ಬಾಯಾರಿಕೆಗೆ ಅನ್ಯರ ಕೈ ನೋಡಬೇಕಾಗಿತ್ತು. ಬೇಸಿಗೆಯಲ್ಲಿ ನೀರು, ಮಜ್ಜಿಗೆ ಕೊಡುತ್ತಿದ್ದ ಅರವಟ್ಟಿಗೆಗಳಲ್ಲಿಯೂ ಕೊಡುವ ಬಗೆ ಎಲ್ಲರಿಗೂ ಒಂದೇ ಆಗಿರಲಿಲ್ಲ. ಹಳೆಯದನ್ನು ಮತ್ತೆ ತರಬೇಕೆನ್ನುವವರು ಈ ಮಾತನ್ನು ಮರೆಯಲಾಗದು.

ಊರಿನವರೇ ಊರು ಬಿಟ್ಟು ಹೊರಗೆ ತಂಗುವ ಪದ್ಧತಿಗಳೂ ಇದ್ದವು. ತುಮಕೂರು, ಚಿತ್ರದುರ್ಗ, ದಾವಣಗೆರೆಗಳ ಕಡೆ ಇಂದಿಗೂ ಅಲ್ಲಲ್ಲಿ ನಡೆಯುವ ‘ಹೊರಬೀಡು’ ಇವುಗಳಲ್ಲಿ ತೀರ ವಿಶಿಷ್ಟವಾದದ್ದು. ಗೊತ್ತುಪಡಿಸಿದ ದಿನ ಇಡೀ ಊರು ಮನೆಗಳಿಗೆ ಬೀಗ ಹಾಕಿ, ದನಕರು, ಕೋಳಿ, ಮಕ್ಕಳೊಡನೆ ಬೆಳಕು ಹರಿಯುವ ಮುನ್ನವೇ ಹೊರಟು, ಹೊಲ, ತೋಟ, ತೋಪುಗಳಲ್ಲಿ ಅಡುಗೆ ಮಾಡಿ ಉಂಡು, ಸಂಜೆ ಊರಿಗೆ ಮರಳುತ್ತದೆ. ರೋಗರುಜಿನ, ಕೆಡುಕುಗಳು ಖಾಲಿಯಾದ ಊರನ್ನು ಬಿಟ್ಟುಹೋಗಲಿ ಎಂಬುದು ಇದರ ಹಿಂದಿನ ನಂಬಿಕೆ. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂದಾಗ ಮತ್ತು ಮುಂದಿನ ದಶಕಗಳಲ್ಲಿ ಅದು ಹಳ್ಳಿಗಳಿಗೆ ಹಬ್ಬಿದಾಗ, ಜನ ಮನೆ ತೊರೆದು ಊರ ಹೊರಗಿನ ಬಯಲು ಮತ್ತು ತೋಟಗಳಲ್ಲಿ ಗುಡಿಸಲು ಹಾಕಿಕೊಂಡು ತಿಂಗಳುಗಟ್ಟಲೆ ಇದ್ದರು. ಹೊರಬೀಡನ್ನು ಬಲ್ಲ ನಾಡಿಗೆ ಇದು ಕಲಿಯಬೇಕಾದ ಹೊಸ ಪಾಠವಾಗಿರಲಿಲ್ಲ. ಕಾರ್ತಿಕ ಮಾಸದಲ್ಲಿ ನೆಲ್ಲಿಮರದ ಕೆಳಗೆ ಉಣ್ಣುವ ವನಭೋಜನ ಇದರ ಇನ್ನೊಂದು, ಸೌಮ್ಯವಾದ ರೂಪ. ಎಲೆಕ್ಟ್ರಾನಿಕ್ ಸಿಟಿಗೆ ಹತ್ತಿರದ ಹುಸ್ಕೂರಿನ ಮದ್ದೂರಮ್ಮನ ಜಾತ್ರೆಗೆ ಸುತ್ತಲಿನ ಹಳ್ಳಿಗಳವರು ನೂರಡಿಗೂ ಮೀರಿದ ಎತ್ತರದ ‘ಕುರ್ಜು’ಗಳನ್ನು, ಅಂದರೆ ಮರದ ಚೌಕಟ್ಟಿಗೆ ಬಟ್ಟೆ ಸುತ್ತಿ ಅಲಂಕರಿಸಿದ ತೇರುಗಳನ್ನು, ಎತ್ತುಗಳಿಂದ ಎಳೆಸಿಕೊಂಡು ಬರುವ ಪದ್ಧತಿಯಿದೆ, ಅಷ್ಟು ಎತ್ತು, ಅಷ್ಟು ಜನ ದಾರಿಯಲ್ಲಿ ದಣಿವಾರಿಸಿಕೊಳ್ಳಲು ನೆರಳಿನ ನೆಲೆಗಳು ಇದ್ದೇ ಇರಬೇಕಾಗಿತ್ತು. ಇಲ್ಲಿ ಗಮನಿಸಬೇಕಾದ ಅಂಶವೆಂದರೆ, ತೋಪನ್ನು ಕಾಯುತ್ತಿದ್ದದ್ದು ಕಾವಲುಗಾರನಿಗಿಂತ ಹೆಚ್ಚಾಗಿ ಬಳಕೆಯೇ ಎಂಬುದು. ವರ್ಷದಲ್ಲಿ ಹತ್ತಾರು ಬಾರಿ ಜನ ಕೂಡುವ ಜಾಗದಲ್ಲಿ ಒಂದು ಮರ ಕಾಣೆಯಾದರೆ ಅದು ಇಡೀ ಸೀಮೆಗೆ ಗೊತ್ತಾಗುತ್ತಿತ್ತು.

ಈ ಏರ್ಪಾಡಿನ ಪಕ್ಕದಲ್ಲಿಯೇ 19ನೆಯ ಶತಮಾನದ ಉತ್ತರಾರ್ಧದಲ್ಲಿ ಬೇರೊಂದು ಬಗೆಯ ಮರಬೆಳೆ ಕಾಣಿಸಿಕೊಂಡಿತು. ಮೈಸೂರು ಅರಣ್ಯ ಇಲಾಖೆ ಸ್ಥಾಪನೆಯಾದದ್ದು 1864ರಲ್ಲಿ. ಬೆಂಗಳೂರು ದಂಡಿನಿಂದ (ಕಂಟೋನ್ಮೆಂಟ್) ಜೋಲಾರಪೇಟೆಗೆ ರೈಲು ಓಡಲಾರಂಭಿಸಿದ್ದೂ ಅದೇ ವರ್ಷ. ಅಂದಿನ ಎಂಜಿನ್ನುಗಳು ಸೌದೆ ಉರಿಸುತ್ತಿದ್ದವು, ಪೇಟೆ ಮತ್ತು ದಂಡುಗಳ ಒಲೆಗಳೂ ಸೌದೆಯನ್ನೇ ಬೇಡುತ್ತಿದ್ದವು. ಸುತ್ತಲಿನ ಕುರುಚಲು ಕಾಡು ಬೇಗ ಕರಗಿತು. ಆಗ ಸರಕಾರ ಬೆಂಗಳೂರಿನ ಸುತ್ತ ಸೌದೆಗೆಂದೇ ‘ಪ್ಲಾಂಟೇಶನ್’ಗಳನ್ನು, ಎಂದರೆ ಒಂದೆರಡು ಜಾತಿಯ ಮರಗಳನ್ನು ಸಾಲುಸಾಲಾಗಿ ನೆಟ್ಟು ಗೊತ್ತಾದ ವರ್ಷಗಳಿಗೊಮ್ಮೆ ಕಡಿಯುವ ನೆಡುತೋಪುಗಳನ್ನು, ಬೆಳೆಸತೊಡಗಿತು. ಅದಕ್ಕೆ ಒಗ್ಗಿದ್ದು ಬೇಗ ಬೆಳೆಯುವ ಸರ್ವೆ ಮರ, ಆಮೇಲೆ ನೀಲಗಿರಿ. ಕಾಡುಗೋಡಿಯ ಸರ್ವೆ ಸಂಖ್ಯೆ 1ರ 711 ಎಕರೆಗಳನ್ನು 1896ರಲ್ಲಿ ಅರಣ್ಯವೆಂದು ಘೋಷಿಸಲಾಯಿತು. ಪೀಣ್ಯ–ಜಾಲಹಳ್ಳಿ ಪ್ಲಾಂಟೇಶನ್ನಿನ 599 ಎಕರೆಗಳ ಅಧಿಸೂಚನೆಯೂ ಅದೇ ವರ್ಷದ್ದು. ಹೀಗೆ ಇಂದಿನ ಐ.ಟಿ. ವಲಯಕ್ಕೂ ಇಂದಿನ ಕಾರ್ಖಾನೆ ವಲಯಕ್ಕೂ ಒಂದೇ ವರ್ಷದಲ್ಲಿ ಬೇಲಿಯ ಕಾಡು ಬಂದಿತು. ತೋಪಿನಲ್ಲಿ ತಂಗುವುದು ಹಕ್ಕಾಗಿದ್ದರೆ ಪ್ಲಾಂಟೇಶನ್ನಿನಲ್ಲಿ ಕಾಲಿಡುವುದೇ ಅಪರಾಧ. ಮರ ಮತ್ತು ತಂಗುವವನ ನಂಟು ಕಡಿದುಹೋದದ್ದು ಇಲ್ಲಿಯೇ. ಅದನ್ನು ಈ ಪ್ರದೇಶದ ಚರಿತ್ರೆಯ ಮುಖ್ಯ ತಿರುವೆಂದು ಪರಿಗಣಿಸಬೇಕು.

ಇದೇ ಹೊತ್ತಿನಲ್ಲಿ ಕಾಡುಗೋಡಿಯ ಮಗ್ಗುಲಲ್ಲಿ ಇನ್ನೊಂದು ಪ್ರಯೋಗ ನಡೆಯುತ್ತಿತ್ತು. ಯುರೇಷಿಯನ್ ಮತ್ತು ಆಂಗ್ಲೋ-ಇಂಡಿಯನ್ ಸಂಘದ ಡಿ. ಎಸ್. ವೈಟ್ ಅವರ ಕೋರಿಕೆಯ ಮೇರೆಗೆ ಹತ್ತನೆಯ ಚಾಮರಾಜ ಒಡೆಯರು 1882ರಲ್ಲಿ ಆ ಸಮುದಾಯದ ಬೇಸಾಯದ ವಸಾಹತಿಗಾಗಿ ಸುಮಾರು 3,900 ಎಕರೆ ಜಮೀನು ಕೊಟ್ಟರು. ವೈಟ್‌ಫೀಲ್ಡ್ ಎಂಬ ಹೆಸರು ಬಂದದ್ದು ಹಾಗೆ. ವರ್ತುಲಾಕಾರದ ಬೀದಿಗಳು, ಹೆಂಚಿನ ಮನೆಗಳು, ಹಣ್ಣಿನ ಮರಗಳಿದ್ದ ಈ ವಸಾಹತು ಬೇಸಾಯದಲ್ಲಿ ನಿರೀಕ್ಷಿಸಿದಷ್ಟು ಏಳಿಗೆ ಕಾಣಲಿಲ್ಲವಾದರೂ, ದಂಡಿನ ಪ್ರದೇಶದಿಂದ ರೈಲಿನಲ್ಲಿ ಬಂದು ಕೆಲದಿನ ಇದ್ದು ಹೋಗುವವರ ನೆಲೆಯಾಯಿತು, ಅಲ್ಲಿಯ ವೇವರ್ಲಿ ಇನ್ ಎಂಬ ತಂಗುಮನೆ ಹೆಸರು ಮಾಡಿತು. ಹಣ ಕೊಟ್ಟು ಹಸಿರಿನ ನಡುವೆ ವಿಶ್ರಮಿಸುವ ರೂಢಿಯ ಮೊದಲ ಹೆಜ್ಜೆಗುರುತುಗಳನ್ನು ಬೆಂಗಳೂರಿನ ಹೊರವಲಯದಲ್ಲಿ ಹುಡುಕುವುದಾದರೆ ಇಲ್ಲಿ ಹುಡುಕಬೇಕು.

ಪೀಣ್ಯದ ಕಥೆ ಬೇಗ ಮುಗಿಯುವಂಥದು. 1953ರಲ್ಲಿ ಎಚ್.ಎಂ.ಟಿ., 1954ರಲ್ಲಿ ಬಿ.ಇ.ಎಲ್. ಎಂಬ ಕೇಂದ್ರ ಸರಕಾರದ ಕಾರ್ಖಾನೆಗಳು ಜಾಲಹಳ್ಳಿಯ ಬಯಲಿಗೆ ಬಂದವು. 1960ರ ದಶಕದಲ್ಲಿ ಪೀಣ್ಯ–ಜಾಲಹಳ್ಳಿ ಪ್ಲಾಂಟೇಶನ್ನಿನ ಜಮೀನು ಎಚ್.ಎಂ.ಟಿ.ಯ ವಶಕ್ಕೆ ಹೋಯಿತು. 1970ರ ದಶಕದಿಂದ ಪೀಣ್ಯ ಕೈಗಾರಿಕಾ ಪ್ರದೇಶ ಬೆಳೆಯಿತು. ಕಾರ್ಖಾನೆಗಳು ಸೊರಗಿದ ಮೇಲೆ ಆ ಜಮೀನಿನ ಖಾಲಿ ಭಾಗಗಳಲ್ಲಿ ಮರಗಳು ಮತ್ತೆ ದಟ್ಟವಾದವು. ಅದು ಇನ್ನೂ ಅರಣ್ಯವೇ, ಕ್ರಮಬದ್ಧವಾಗಿ ಅರಣ್ಯದ ಪಟ್ಟಿಯಿಂದ ಬಿಡುಗಡೆಯಾಗಿಲ್ಲ ಎಂಬ ನಿಲುವಿನಿಂದ 2024ರಲ್ಲಿ ಅರಣ್ಯ ಇಲಾಖೆ ಅದನ್ನು ಹಿಂಪಡೆಯಲು ಮುಂದಾದಾಗ ಕೇಂದ್ರ ಮತ್ತು ರಾಜ್ಯ ಸರಕಾರಗಳ ನಡುವೆ ತಕರಾರು ಎದ್ದಿತು.

ನೀಲಗಿರಿಯದು ಇದಕ್ಕಿಂತ ಉದ್ದದ ಕಥೆ. ಸುಮಾರು 1790ರಲ್ಲಿ ಟಿಪ್ಪು ಸುಲ್ತಾನನು ನಂದಿಬೆಟ್ಟದ ತೋಟದಲ್ಲಿ ನೆಡಿಸಿದ ಆಸ್ಟ್ರೇಲಿಯಾ ಮೂಲದ ಈ ಮರದ ಸಂತತಿಯೇ ಮುಂದೆ ‘ಮೈಸೂರ್ ಗಮ್’ ಎಂಬ ಹೆಸರಿನಲ್ಲಿ ದೇಶದ ಹಲವೆಡೆ ಹಬ್ಬಿತು. 1980ರ ದಶಕದಲ್ಲಿ ವಿಶ್ವಬ್ಯಾಂಕ್ ನೆರವಿನ ಸಾಮಾಜಿಕ ಅರಣ್ಯ ಯೋಜನೆ ಬಂದಾಗ, ಬೆಂಗಳೂರು ಮತ್ತು ಕೋಲಾರ ಜಿಲ್ಲೆಗಳ ರಾಗಿಹೊಲಗಳೂ ನೀಲಗಿರಿಗೆ ತಿರುಗಿದವು, ಏಕೆಂದರೆ ಅದಕ್ಕೆ ಕೂಲಿಯಾಳು ಕಡಿಮೆ ಸಾಕು, ಮೇಯುವ ದನ ಅದನ್ನು ಮುಟ್ಟುವುದಿಲ್ಲ, ಕಾಗದ ಮತ್ತು ರೇಯಾನ್ ಕಾರ್ಖಾನೆಗಳು ಕೊಳ್ಳುತ್ತವೆ, ಮತ್ತು ನಗರದಲ್ಲಿ ನೌಕರಿಯಲ್ಲಿದ್ದುಕೊಂಡೇ ಜಮೀನು ಉಳಿಸಿಕೊಳ್ಳಬಹುದು. ದನ ಮುಟ್ಟದ, ಹಣ್ಣು ಕೊಡದ, ಕೆಳಗೆ ಹುಲ್ಲನ್ನೂ ಚೆನ್ನಾಗಿ ಬೆಳೆಯಗೊಡದ, ಆಳದ ನೀರನ್ನು ಹೀರುವ ಮರವೊಂದು ಊರಿನ ಸುತ್ತ ಸಾವಿರಾರು ಎಕರೆಗಳಲ್ಲಿ ನಿಂತಾಗ, ನೆರಳೆಂಬುದೇ ಅರ್ಥ ಕಳೆದುಕೊಂಡಿತು. 1983ರ ಆಗಸ್ಟ್‌ನಲ್ಲಿ ತುಮಕೂರು ಜಿಲ್ಲೆಯ ರೈತರು ಅರಣ್ಯ ಇಲಾಖೆಯ ಸಸಿಮಡಿಗೆ ನಡೆದುಹೋಗಿ ನೀಲಗಿರಿ ಸಸಿಗಳನ್ನು ಕಿತ್ತು ಹಾಕಿ, ಆ ಜಾಗದಲ್ಲಿ ಹುಣಸೆ ಮತ್ತು ಮಾವಿನ ಬೀಜಗಳನ್ನು ಊರಿದರು. ಅವರು ಆರಿಸಿಕೊಂಡ ಬೀಜಗಳು ತೋಪಿನ ಬೀಜಗಳೇ ಆಗಿದ್ದುದು ಆಕಸ್ಮಿಕವಲ್ಲ. ಪ್ಲಾಂಟೇಶನ್ನಿಗೆ ಉತ್ತರವಾಗಿ ಅವರ ನೆನಪಿನಲ್ಲಿ ಎದ್ದು ಬಂದದ್ದು ತೋಪು. ಸರಕಾರ ಹೊಸದಾಗಿ ನೀಲಗಿರಿ ಮತ್ತು ಅಕೇಶಿಯಾ ನೆಡುವುದನ್ನು ನಿಷೇಧಿಸಿದ್ದು 2017ರಲ್ಲಿ, ಎಂದರೆ 34 ವರ್ಷಗಳ ಬಳಿಕ.

ಅಷ್ಟರಲ್ಲಿ ತೋಪುಗಳ ಬಹುಪಾಲು ಬೇರೆ ಕೈಗಳಿಗೆ ಸೇರಿತ್ತು. 1978ರಲ್ಲಿ ರಾಜ್ಯ ಸರಕಾರದ ಕಿಯೋನಿಕ್ಸ್ ಸಂಸ್ಥೆಯು ಆರ್. ಕೆ. ಬಾಳಿಗಾ ಅವರ ನೇತೃತ್ವದಲ್ಲಿ ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರುಗಳ 332 ಎಕರೆಗಳಲ್ಲಿ ಎಲೆಕ್ಟ್ರಾನಿಕ್ ಸಿಟಿಯನ್ನು ಆರಂಭಿಸಿತು; 1990ರ ದಶಕದಲ್ಲಿ ವೈಟ್‌ಫೀಲ್ಡ್ ಬಳಿಯ ಪಟ್ಟಂದೂರು ಅಗ್ರಹಾರದಲ್ಲಿ ಐ.ಟಿ.ಪಿ.ಎಲ್. ಎಂಬ ತಂತ್ರಜ್ಞಾನ ಉದ್ಯಾನ ಎದ್ದಿತು. ನಗರವನ್ನು ಮುಟ್ಟಿದ ಹಳ್ಳಿಗೆ ಶಾಲೆ, ಅಂಗನವಾಡಿ, ಬಸ್ ನಿಲ್ದಾಣ, ಪಂಚಾಯಿತಿ ಕಚೇರಿ, ಬಡವರ ನಿವೇಶನ ಎಲ್ಲವೂ ಬೇಕಾದವು, ಇವೆಲ್ಲಕ್ಕೂ ಬೆಲೆ ಕೊಡಬೇಕಿಲ್ಲದ ಭೂಮಿಯೆಂದರೆ ಬಿ ಖರಾಬು. ತೋಪನ್ನು ನುಂಗಿದವರು ಬರೀ ಒತ್ತುವರಿದಾರರಲ್ಲ. ಊರಿನ ನ್ಯಾಯವಾದ ಅಗತ್ಯಗಳೂ ಅದನ್ನು ತುಂಡುತುಂಡಾಗಿ ಕಬಳಿಸಿದವು. ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದ ಹರಿಣಿ ನಾಗೇಂದ್ರ, ಸೀಮಾ ಮುಂಡೋಳಿ ಮತ್ತು ಅವರ ಸಹೋದ್ಯೋಗಿಗಳು ನಗರದ ಅಂಚಿನ ಗುಂಡುತೋಪುಗಳ ಕುರಿತು ನಡೆಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನ, ಈ ಮರೆತ ಸಂಸ್ಥೆಯನ್ನು ಮತ್ತೆ ವಿದ್ವತ್ತಿನ ಗಮನಕ್ಕೆ ತಂದಿತು. ಉಳಿದಿರುವ ತೋಪುಗಳಲ್ಲಿ ಊರಿನವರು ಈಗಲೂ ದನ ಮೇಯಿಸುತ್ತಾರೆ, ಸೌದೆ ಮತ್ತು ಹಣ್ಣು ಆಯುತ್ತಾರೆ, ಹಬ್ಬ ಮಾಡುತ್ತಾರೆ. ಜೊತೆಗೆ ದೂರದ ಜಿಲ್ಲೆ ಮತ್ತು ರಾಜ್ಯಗಳಿಂದ ಬಂದ ಕಟ್ಟಡ ಕಾರ್ಮಿಕರಿಗೂ ಅವು ಆಸರೆಯಾಗಿವೆ. ಹಾದಿಗರ ಬಿಡಾರವಾಗಿದ್ದ ತೋಪಿಗೆ ಇವರು ಈ ಕಾಲದ ಹಾದಿಗರು.

ಹಣ ಕೊಟ್ಟು ಕಾಡಿನಲ್ಲಿ ತಂಗುವ ಏರ್ಪಾಡು ಕರ್ನಾಟಕದಲ್ಲಿ ಸಾಂಸ್ಥಿಕ ರೂಪ ಪಡೆದದ್ದು 1980ರಲ್ಲಿ ಜಂಗಲ್ ಲಾಡ್ಜಸ್ ಅಂಡ್ ರೆಸಾರ್ಟ್ಸ್ ಸ್ಥಾಪನೆಯೊಂದಿಗೆ. ಕಬಿನಿಯಿಂದ ಆರಂಭಿಸಿದ ಈ ಸರಕಾರಿ ಸಂಸ್ಥೆ ಬನ್ನೇರುಘಟ್ಟದಲ್ಲಿಯೂ ಶಿಬಿರ ನಡೆಸುತ್ತದೆ. ಇದರಲ್ಲಿ ತಂಗುವವನು ಇರುವ ಕಾಡನ್ನು ನೋಡಲು ಬರುತ್ತಾನೆ; ಇಲ್ಲದ ಕಾಡನ್ನು ಬೆಳೆಸಲು ಅವನ ಪಾಲು ಸಲ್ಲಬೇಕೆಂಬ ಆಲೋಚನೆ ಇದಕ್ಕಿಂತ ಬೇರೆ. 1974ರಲ್ಲಿ ರಾಷ್ಟ್ರೀಯ ಉದ್ಯಾನವಾದ ಬನ್ನೇರುಘಟ್ಟದ ಸುತ್ತ ಖಾಸಗಿ ರೆಸಾರ್ಟುಗಳು ಹೆಚ್ಚಿದ ಹಾಗೆ, ಹಸಿರಿನ ಹೆಸರಿನಲ್ಲಿ ಕಟ್ಟಡಗಳೇ ಕಾಡಿನ ಅಂಚನ್ನು ಒತ್ತತೊಡಗಿದವು. ಉದ್ಯಾನದ ಸುತ್ತಲಿನ ಪರಿಸರ ಸೂಕ್ಷ್ಮ ವಲಯ, ಎಂದರೆ ಗಣಿಗಾರಿಕೆ, ದೊಡ್ಡ ಕಟ್ಟಡಗಳಂಥ ಚಟುವಟಿಕೆಗಳಿಗೆ ಕಡಿವಾಣವಿರುವ ಪಟ್ಟಿ, 2016ರ ಕರಡಿನಲ್ಲಿ 268.96 ಚದರ ಕಿಲೋಮೀಟರ್ ಇದ್ದದ್ದು 2020ರ ಅಂತಿಮ ಅಧಿಸೂಚನೆಯಲ್ಲಿ 168.84ಕ್ಕೆ ಇಳಿದದ್ದು ಈ ಒತ್ತಡ ಎಷ್ಟಿದೆ ಎಂಬುದನ್ನು ತೋರಿಸುತ್ತದೆ.

ಇದಕ್ಕೆ ಭಿನ್ನವಾದ ಉದಾಹರಣೆ ಎಲೆಕ್ಟ್ರಾನಿಕ್ ಸಿಟಿಯಿಂದ ಆನೇಕಲ್ ದಾಟಿ, ರಾಜ್ಯದ ಗಡಿಯ ಆಚೆಗೆ, ತಮಿಳುನಾಡಿನ ಕೃಷ್ಣಗಿರಿ ಜಿಲ್ಲೆಯ ತಳಿ ಸೀಮೆಯಲ್ಲಿದೆ. ಕನ್ನಡ, ತೆಲುಗು, ತಮಿಳು ಮೂರೂ ಬೆರೆತ ಈ ಗಡಿನಾಡಿನ ಗಂಗನಹಳ್ಳಿಯ ಬಳಿ, ಗಾಂಧೀ ಚಿಂತನೆಯಿಂದ ಪ್ರೇರಿತರಾದ ಕೆಲವರು 1990ರಲ್ಲಿ ನವದರ್ಶನಂ ಎಂಬ ಟ್ರಸ್ಟ್ ರಚಿಸಿಕೊಂಡು, ಸವೆದುಹೋಗಿದ್ದ ನೂರಕ್ಕೂ ಹೆಚ್ಚು ಎಕರೆ ಜಮೀನನ್ನು ಕೊಂಡು, ಅದರ ದೊಡ್ಡ ಭಾಗವನ್ನು ಕಾಡಾಗಲು ಬಿಟ್ಟರು. ಮೇಯುವಿಕೆ ಮತ್ತು ಬೆಂಕಿಯ ಹಾವಳಿಯಿಂದ ನೆಲವನ್ನು ಕಾಪಾಡುವುದು, ಹರಿಯುವ ನೀರನ್ನು ಅಲ್ಲಲ್ಲಿ ತಡೆದು ಇಂಗಿಸುವುದು ಅವರ ಮುಖ್ಯ ಕೆಲಸವಾಯಿತು. ಉಳಿದದ್ದನ್ನು ನೆಲವೇ ಮಾಡಿತು. ಮಣ್ಣಿನ ಇಟ್ಟಿಗೆಯ ಮನೆಗಳು, ಸೂರ್ಯನ ಬೆಳಕಿನಿಂದ ಪಡೆದ ವಿದ್ಯುತ್ತು, ಗೋಬರ್ ಅನಿಲ ಇವುಗಳಿಂದ ನಡೆಯುವ ಅಲ್ಲಿಗೆ ಬಂದು ತಂಗುವವರು ಅತಿಥಿಗಳಿಗಿಂತ ಕಲಿಯುವವರೆನಿಸಿಕೊಳ್ಳುತ್ತಾರೆ. ಪಕ್ಕದ ಕಾಯ್ದಿಟ್ಟ ಅರಣ್ಯದಿಂದ ಆನೆಗಳು ಈ ಜಮೀನಿನೊಳಗೂ ಬಂದು ಹೋಗುತ್ತವೆ.

ಹೀಗೆ ಬಿಟ್ಟ ಒಣಭೂಮಿ ಕಾಡಾಗುವ ಬಗೆಯನ್ನು ಇಲ್ಲಿ ವಿವರಿಸುವುದು ಉಚಿತ. ಕಡಿದ ದಿಂಡಿಗ, ಮತ್ತಿ, ಜಾಲಾರಿಗಳ ಬೇರುಗಳು ಮಣ್ಣಿನಡಿಯಲ್ಲಿ ಎಷ್ಟೋ ಕಾಲ ಜೀವ ಹಿಡಿದಿರುತ್ತವೆ. ಮೇಕೆ ಮತ್ತು ಬೆಂಕಿ ತಪ್ಪಿದರೆ ಬೊಡ್ಡೆಯಿಂದ ಚಿಗುರುತ್ತವೆ. ಮೊದಲು ಏಳುವುದು ಹುಲ್ಲು, ಕಾರೆ, ಕವಳೆ, ಎಲಚಿಯಂಥ ಮುಳ್ಳುಪೊದೆಗಳು. ಅವುಗಳ ಹಣ್ಣಿಗೆ ಬಂದ ಹಕ್ಕಿಗಳು ಹಿಕ್ಕೆಯ ಮೂಲಕ ಬೇರೆ ಬೀಜಗಳನ್ನು ಉದುರಿಸುತ್ತವೆ. ಮುಳ್ಳಿನ ಮರೆಯಲ್ಲಿ ದನಕ್ಕೆ ಸಿಗದೆ ಸಸಿಗಳು ಬೆಳೆಯುತ್ತವೆ. ಬೇರೆ ಗಿಡಗಳ ಬೇರಿನಿಂದ ಆಹಾರ ಪಡೆಯುವ ಅರೆಪರಾವಲಂಬಿಯಾದ ಶ್ರೀಗಂಧ ಇಂಥ ಪೊದೆಗಳ ನಡುವೆಯೇ ಚೆನ್ನಾಗಿ ಬರುವುದು. ಲಂಟಾನ ಹೊಕ್ಕಿದ್ದರೆ ಮಾತ್ರ ಈ ಕ್ರಮ ಕೆಡುತ್ತದೆ. ಅಮೆರಿಕಾ ಖಂಡದಿಂದ ಅಲಂಕಾರಕ್ಕೆಂದು ತಂದ ಆ ಪೊದೆ ನೆಲವನ್ನು ಮುಚ್ಚಿ ಬೇರಾವುದಕ್ಕೂ ಬೆಳಕು ಬಿಡುವುದಿಲ್ಲ. ನೀಲಗಿರಿಯಿದ್ದ ಜಮೀನಿನಲ್ಲಿ ಕೆಲಸ ಇನ್ನೂ ಹೆಚ್ಚು, ಏಕೆಂದರೆ ಅದರ ಬೊಡ್ಡೆಯೂ ಕಡಿದಷ್ಟೂ ಚಿಗುರುತ್ತದೆ. ನೂರು ಜಾತಿಯ ಸಸಿಗಳನ್ನು ತಂದು ಒಂದೇ ದಿನ ನೆಟ್ಟು, ಅತಿಥಿಗಳ ಹೆಸರಿನ ಫಲಕ ಹಾಕುವುದಕ್ಕಿಂತ, ಹತ್ತು ವರ್ಷ ಬೇಲಿ ಕಾಯುವುದು ಈ ಕೆಂಪುನೆಲಕ್ಕೆ ಹೆಚ್ಚು ಉಪಕಾರ ಮಾಡುತ್ತದೆ. ಅದಕ್ಕೆ ಸಂಬಳದ ಆಳು ಬೇಕು, ಆಳಿಗೆ ಹಣ ಬೇಕು, ಆ ಹಣ ತಂಗುವವರಿಂದ ಬರಬಲ್ಲದು.

ಇಲ್ಲಿ ಒಂದು ಇಕ್ಕಟ್ಟು ಇದೆ. ಕಾಡು ಮರಳಲು ದನ, ಮೇಕೆಗಳನ್ನು ದೂರವಿಡಬೇಕು, ಎಂದರೆ ಬೇಲಿ ಬೇಕು. ತೋಪು ಬಾಳಿದ್ದು ಬೇಲಿಯಿಲ್ಲದೆ. ಹಳೆಯ ಮೈಸೂರಿನಲ್ಲಿ ಇದಕ್ಕೆ ‘ಕಾವಲು’ ಎಂಬ ಪರಿಹಾರವಿತ್ತು: ಅಮೃತಮಹಲ್ ರಾಸುಗಳಿಗೆಂದು ಕಾಯ್ದಿಟ್ಟ ಹುಲ್ಲುಗಾವಲುಗಳನ್ನು ವರ್ಷದ ಕೆಲವು ತಿಂಗಳು ಮುಚ್ಚಿ, ಹುಲ್ಲು ಬಲಿತ ಮೇಲೆ ತೆರೆಯಲಾಗುತ್ತಿತ್ತು. ಇಂದಿನ ತಂಗುದಾಣಗಳಲ್ಲಿ ಬಹಳಷ್ಟು ಕಾವಲಿನ ಮುಚ್ಚುವಿಕೆಯನ್ನಷ್ಟೇ ತೆಗೆದುಕೊಂಡು ತೆರೆಯುವಿಕೆಯನ್ನು ಬಿಟ್ಟಿವೆ. ಸುತ್ತಲಿನ ಊರಿನವರು ಅಡುಗೆಯವರಾಗಿ, ತೋಟದ ಆಳಾಗಿ ಮಾತ್ರ ಒಳಬರುವುದಾದರೆ, ಒಳಗೆ ಎಂಥ ಅಪರೂಪದ ನಾಡಮರಗಳಿದ್ದರೂ ಅದು 1896ರ ಪ್ಲಾಂಟೇಶನ್ನಿನ ವಂಶಕ್ಕೇ ಸೇರುತ್ತದೆ, ತೋಪಿನ ವಂಶಕ್ಕಲ್ಲ. ತೋಪಿನ ವಂಶಕ್ಕೆ ಮನ್ನಣೆ ಸಿಕ್ಕ ಉದಾಹರಣೆಯೂ ಇದೆ: ದೇವನಹಳ್ಳಿ ತಾಲ್ಲೂಕಿನ ನಲ್ಲೂರಿನಲ್ಲಿ ಸುಮಾರು 54 ಎಕರೆಗಳ ಹುಣಸೆತೋಪು 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿತವಾಯಿತು. ಪೊಳ್ಳಾದ ಕಾಂಡಗಳಿಂದ ಬಾಗಿದ ಕೊಂಬೆಗಳು ನೆಲ ಮುಟ್ಟಿ ಮತ್ತೆ ಬೇರುಬಿಟ್ಟ ಆ ಮುದಿಮರಗಳು, ನೆಟ್ಟ ಮರವೂ ಪರಂಪರೆಯಾಗಬಲ್ಲದು ಎಂಬುದನ್ನು ಕಾನೂನಿನ ಭಾಷೆಯಲ್ಲಿಯೇ ಒಪ್ಪಿಸಿವೆ.

2025ರ ಜೂನ್‌ನಲ್ಲಿ ಅರಣ್ಯ ಇಲಾಖೆ ಕಾಡುಗೋಡಿ ಪ್ಲಾಂಟೇಶನ್ನಿನ 120 ಎಕರೆ ಜಮೀನನ್ನು ಮರಳಿ ವಶಕ್ಕೆ ತೆಗೆದುಕೊಂಡಿತು. ಅದರ ಬೆಲೆ ಸುಮಾರು 4,000 ಕೋಟಿ ರೂಪಾಯಿಗಳೆಂದು ಸರಕಾರ ಹೇಳಿತು. ಹಿಂದೆ ಸರಕಾರವೇ ತಮಗೆ ಸಾಗುವಳಿಗೆ ಕೊಟ್ಟ ಜಮೀನು ಇದೆಂದು ದಲಿತ ಕುಟುಂಬಗಳು ಪ್ರತಿಭಟಿಸಿದವು. ಬಾವಿಯ ನೀರು ಸಿಗದೆ ತೋಪಿನಲ್ಲಿ ಕುಳಿತಿದ್ದವರ ಮಕ್ಕಳ ಈ ಅಹವಾಲನ್ನು ಬದಿಗಿಟ್ಟು ಅಲ್ಲಿ ಕಾಡು ಬೆಳೆಸಿದರೆ, ಬೆಳೆಯುವುದು ಮತ್ತೊಂದು ಬೇಲಿಯ ಕಾಡು. ಆ ಅಹವಾಲನ್ನು ಇತ್ಯರ್ಥಗೊಳಿಸಿ, ಒಂದು ಭಾಗವನ್ನು ದಿಂಡಿಗ, ಮತ್ತಿ, ಜಾಲಾರಿಗಳಿಗೆ ಮುಚ್ಚಿ, ದಾರಿಯ ಕಡೆಯ ಅಂಚನ್ನು ಹೊಂಗೆ, ಹಿಪ್ಪೆ, ನೇರಳೆಗಳ ತೆರೆದ ತೋಪಾಗಿ ಬಿಡುವುದು ಇಂದಿಗೂ ಸಾಧ್ಯವಿದೆ. 2023ರಿಂದ ಮೆಟ್ರೋ ರೈಲು ಆ ಊರಿನವರೆಗೂ ಬರುತ್ತಿದೆ. ಕೊನೆಯ ನಿಲ್ದಾಣದ ಫಲಕದ ಮೇಲೆ ವೈಟ್‌ಫೀಲ್ಡ್ ಎಂಬುದರ ಜೊತೆಗೆ, ಆವರಣದೊಳಗೆ, ಕಾಡುಗೋಡಿ ಎಂದು ಬರೆದಿದೆ.